ವದಂತಿಗೆ ಮದ್ದು

ರೋಗ ಊರಿಗೆ ಬರುವ ಮೊದಲೇ ಅದರ ಸುದ್ದಿ ಬಂದಿರುತ್ತದೆ. ಸುದ್ದಿಯ ಬೆನ್ನಿಗೇ ವದಂತಿಯೂ ಬರುತ್ತದೆ. ‘ಹೆದರಿದವರ ಮೇಲೆ ಹಾವು ಎಸೆದರು’ ಎಂಬ ಗಾದೆಯನ್ನು ನೀವು ಕೇಳಿರುವಿರಿ. ಕೊರೊನಾ ಕಾಲದಲ್ಲಿ ನಮಗೆ ಆದದ್ದು ಅದೇ. ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗವನ್ನು ಜಾಗತಿಕ ಪಿಡುಗೆಂದು ಕರೆದದ್ದು 2020ರ ಮಾರ್ಚ್ 11ರಂದು. ಆದರೆ ಸುಳ್ಳು ಮಾಹಿತಿಯೂ ರೋಗದಂತೆಯೇ ಹರಡುತ್ತಿದೆಯೆಂದು ಅದು ಫೆಬ್ರವರಿಯಲ್ಲಿಯೇ ಎಚ್ಚರಿಸಿತ್ತು.

ಆ ಸುಳ್ಳುಗಳು ಬರೀ ಮಾತಾಗಿ ಉಳಿಯಲಿಲ್ಲ. ಕೋಳಿಮಾಂಸದಿಂದ ಸೋಂಕು ತಗಲುತ್ತದೆಂಬ ಆಧಾರವಿಲ್ಲದ ಸುದ್ದಿಯಿಂದ ಬೆಲೆ ನೆಲಕಚ್ಚಿದಾಗ, ನಮ್ಮ ಕರ್ನಾಟಕದಲ್ಲಿಯೇ ಸಾವಿರಾರು ಜೀವಂತ ಕೋಳಿಗಳು ಮಣ್ಣುಪಾಲಾದವು. ಮದ್ಯ ಕುಡಿದರೆ ವೈರಾಣು ಸಾಯುತ್ತದೆಂದು ನಂಬಿ, ವಿಷಕಾರಿ ಮೆಥನಾಲ್ ಸೇವಿಸಿ ಇರಾನಿನಲ್ಲಿ ನೂರಾರು ಮಂದಿ ಪ್ರಾಣ ಕಳೆದುಕೊಂಡರು. 2021ರ ಎರಡನೆಯ ಅಲೆಯಲ್ಲಿ, ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಸಾಕೆಂಬ ಸಲಹೆ ಮನೆಮನೆಗೂ ತಲುಪಿತು. ಆಸ್ಪತ್ರೆಗೆ ಓಡಬೇಕಾದ ಹೊತ್ತನ್ನು ಇಂತಹ ಸಲಹೆಗಳು ನುಂಗಿಹಾಕುತ್ತವೆ ಎಂಬುದೇ ಅವುಗಳ ನಿಜವಾದ ಅಪಾಯ.

ಆ ದಿನಗಳಲ್ಲಿ ನಮ್ಮ ದೇಶದ ನೂರಾರು ವಿಜ್ಞಾನಿಗಳು ಪ್ರಯೋಗಶಾಲೆಯಿಂದ ಜನರ ನಡುವೆ ಬಂದರು. ಸ್ವಯಂಪ್ರೇರಿತರಾಗಿ ಒಟ್ಟುಗೂಡಿದ ಅವರ ಬಳಗವೊಂದು ಒಂದೊಂದು ವದಂತಿಯನ್ನೂ ಎತ್ತಿಕೊಂಡು, ಅದು ಏಕೆ ಸುಳ್ಳೆಂಬುದನ್ನು ಹಲವು ಭಾರತೀಯ ಭಾಷೆಗಳಲ್ಲಿ ಸರಳವಾಗಿ ಬರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂತಹ ಸಂಸ್ಥೆಗಳು ಸೇರಿ ‘ಕೋವಿಡ್ ಜ್ಞಾನ್’ ಎಂಬ ಪ್ರಯತ್ನವನ್ನು ಆರಂಭಿಸಿದವು. ‘ಸಾಬೂನಿನಿಂದ ಕೈ ತೊಳೆಯಿರಿ’ ಎಂಬುದು ಆಜ್ಞೆ. ‘ಈ ವೈರಾಣುವಿನ ಹೊರಹೊದಿಕೆ ಕೊಬ್ಬಿನಿಂದಾದದ್ದು, ಎಣ್ಣೆ ಪಾತ್ರೆಯ ಜಿಡ್ಡನ್ನು ಬಿಡಿಸುವಂತೆ ಸಾಬೂನು ಆ ಹೊದಿಕೆಯನ್ನು ಒಡೆದುಹಾಕುತ್ತದೆ’ ಎಂಬುದು ವಿವರಣೆ. ಕಾರಣ ತಿಳಿದವನು ನಾಳೆ ಹೊಸ ವದಂತಿಯೊಂದು ಬಂದಾಗ ತಾನೇ ಪ್ರಶ್ನಿಸಬಲ್ಲನು.

ಆದರೆ ವಿಜ್ಞಾನದ ಮಾತೂ ಬದಲಾಯಿತಲ್ಲವೇ ಎಂದು ನೀವು ಕೇಳಬಹುದು. ನಿಜ. ಮೊದಮೊದಲು ಆರೋಗ್ಯವಂತರಿಗೆ ಮುಖಗವಸು ಬೇಕಿಲ್ಲವೆಂದಿದ್ದ ವಿಶ್ವ ಆರೋಗ್ಯ ಸಂಸ್ಥೆ, 2020ರ ಜೂನ್ 5ರಂದು, ಸೋಂಕು ಹರಡಿರುವ ಕಡೆ ಅಂತರ ಕಾಯ್ದುಕೊಳ್ಳಲಾಗದಲ್ಲಿ ಸಾಮಾನ್ಯರೂ ಅದನ್ನು ಧರಿಸಬೇಕೆಂದಿತು. ಹೊಸ ಪುರಾವೆ ಸಿಕ್ಕಾಗ ತಿದ್ದಿಕೊಳ್ಳುವುದು ವಿಜ್ಞಾನದ ಶಕ್ತಿಯೇ ಹೊರತು ದೌರ್ಬಲ್ಯವಲ್ಲ. ಆದರೆ ‘ಇಂದು ನಮಗೆ ತಿಳಿದಿರುವುದು ಇಷ್ಟು’ ಎಂದು ಮೊದಲೇ ಹೇಳಿದವರ ತಿದ್ದುಪಡಿಯನ್ನು ಜನ ಒಪ್ಪುತ್ತಾರೆ. ಎಲ್ಲ ಬಲ್ಲವರಂತೆ ಮಾತನಾಡಿದವರ ತಿದ್ದುಪಡಿಯನ್ನು ಶಂಕಿಸುತ್ತಾರೆ.

ನಮ್ಮ ನೆರೆಯಲ್ಲಿ ಒಂಟಿಯಾಗಿ ಬದುಕುವ ವೃದ್ಧೆಯೊಬ್ಬರಿದ್ದರು. ಮಕ್ಕಳೆಲ್ಲ ಗಲ್ಫಿನಲ್ಲಿ. ಲಸಿಕೆ ಪಡೆದವರು ಎರಡು ವರ್ಷದೊಳಗೆ ಸಾಯುತ್ತಾರೆಂದು ಫ್ರಾನ್ಸಿನ ನೊಬೆಲ್ ವಿಜ್ಞಾನಿಯೊಬ್ಬರು ಹೇಳಿದ್ದಾರೆಂಬ ಸಂದೇಶ 2021ರ ಮೇ ತಿಂಗಳಲ್ಲಿ ಎಲ್ಲೆಡೆ ಹರಿದಾಡಿತು. ಆ ವಿಜ್ಞಾನಿ ಹಾಗೆ ಹೇಳಿರಲೇ ಇಲ್ಲ. ಆದರೂ ಆಕೆ ಲಸಿಕೆ ಬೇಡವೆಂದು ಹಟ ಹಿಡಿದರು. ಆಶಾ ಕಾರ್ಯಕರ್ತೆ ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಅವಳು ವಾದಕ್ಕಿಳಿಯಲಿಲ್ಲ. ಜಗಲಿಯಲ್ಲಿ ಕುಳಿತು, ‘ನಿಮಗೆ ಯಾವುದರ ಹೆದರಿಕೆ, ಬಾಯಮ್ಮ?’ ಎಂದು ಕೇಳಿದಳು. ಬಹಳ ಹೊತ್ತಿನ ಮೇಲೆ ಉತ್ತರ ಬಂತು: ‘ರಾತ್ರಿ ಜ್ವರ ಬಂದರೆ ನೋಡುವವರು ಯಾರು ಮಗಾ?’

ಓದುಗರೇ, ಆ ಸಂದೇಶದ ಅಡಿಯಲ್ಲಿ ಅಡಗಿದ್ದದ್ದು ಈ ಒಂಟಿತನ. ಜ್ವರ ಬರಬಹುದು, ದೇಹವು ರೋಗವನ್ನೆದುರಿಸಲು ಸಜ್ಜಾಗುವಾಗ ಹಾಗಾಗುವುದುಂಟು, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ, ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕೂರಿಸಿಕೊಂಡು ನೋಡುತ್ತಾರೆ ಎಂದು ಅವಳು ವಿವರಿಸಿದಳು. ಬಳಿಕ ತನ್ನ ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಳು. ಮರುವಾರ ಆಕೆ ಲಸಿಕೆ ಪಡೆದರು. ದೇಶದ ಸುಮಾರು 10 ಲಕ್ಷ ಆಶಾ ಕಾರ್ಯಕರ್ತೆಯರನ್ನು 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೌರವಿಸಿದಾಗ ನನಗೆ ನೆನಪಾದದ್ದು ಆ ಕ್ಯಾಲೆಂಡರಿನ ಅಂಕಿಗಳು.

ಸುಳ್ಳನ್ನು ನಂಬಿದವರೆಲ್ಲ ಮೂರ್ಖರಲ್ಲ. ಅವರಲ್ಲಿ ಅನೇಕರು ಭಯಗೊಂಡವರು. ಅವರನ್ನು ಹಂಗಿಸಿದರೆ ವದಂತಿಯ ಮಡಿಲಿಗೇ ತಳ್ಳಿದಂತಾಗುತ್ತದೆ. ವಿಜ್ಞಾನಿ ಸತ್ಯವನ್ನು ಕಂಡುಹಿಡಿಯಬಹುದು, ಬರೆಯಬಹುದು. ಆದರೆ ಅದನ್ನು ಜಗಲಿಯವರೆಗೆ ಒಯ್ಯಲು ನಂಬಿಕಸ್ಥ ನೆರೆಯವರೇ ಬೇಕು. ಮುಂದಿನ ಪಿಡುಗು ಯಾವಾಗ ಬರುವುದೋ ತಿಳಿಯದು. ಅಂದು ನಿಮ್ಮ ಕೈಗೆ ಬಂದ ಸಂದೇಶವನ್ನು ಮುಂದಕ್ಕೆ ದಾಟಿಸುವ ಮೊದಲು, ಇದು ಯಾರ ಮಾತು, ಇದಕ್ಕೆ ಆಧಾರವೇನು ಎಂದು ಕೇಳಿರಿ. ಅದನ್ನು ನಂಬಿ ನಡುಗುತ್ತಿರುವವರು ಪಕ್ಕದ ಮನೆಯಲ್ಲಿದ್ದರೆ, ಉತ್ತರ ಕೊಡುವ ಮುನ್ನ ಅವರ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ.