ರಕ್ತದ ತಟ್ಟೆ ಹೇಳಿದ್ದು

ಮೂತ್ರಕ್ಕೆ ಹಾಕಿದ ಕ್ಯಾಥೆಟರ್ ಕೆಲವು ದಿನ ಒಳಗೇ ಉಳಿದರೆ ಸಾಕು, ಬ್ಯಾಕ್ಟೀರಿಯಾಗಳು ಅದಕ್ಕೆ ಅಂಟಿಕೊಂಡು ಲೋಳೆಯ ಪದರ ಕಟ್ಟುತ್ತವೆ. ಆ ಬಯೋಫಿಲ್ಮ್ ಒಮ್ಮೆ ಬಲಿತರೆ ಆ್ಯಂಟಿಬಯಾಟಿಕ್‌ಗೂ ಸುಲಭಕ್ಕೆ ಬಗ್ಗುವುದಿಲ್ಲ. ಅಂಟುವ ಮೊದಲೇ ತಡೆಯುವುದು ನನ್ನ ಪಿಎಚ್‌ಡಿ ವಿಷಯವಾಗಿತ್ತು. ಅದಕ್ಕೆ ಹಿಡಿದದ್ದು ಸರ್ಫ್ಯಾಕ್ಟಿನ್: ಮಣ್ಣಿನಲ್ಲಿರುವ ಬ್ಯಾಸಿಲಸ್ ಸಬ್ಟಿಲಿಸ್ ಉತ್ಪಾದಿಸುವ, ಸೋಪಿನ ಗುಣದ ವಸ್ತು. 2001ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದವರು ಕ್ಯಾಥೆಟರಿನೊಳಗೆ ಮೊದಲೇ ಇದರ ದ್ರಾವಣ ಹಾಯಿಸಿದರೆ ಸಾಲ್ಮೊನೆಲ್ಲಾದಂಥವುಗಳ ಬಯೋಫಿಲ್ಮ್ ತಗ್ಗುತ್ತದೆಂದು ತೋರಿಸಿದ್ದರು.

ಒಳ್ಳೆಯ ತಳಿ ಆರಿಸಲು ರಕ್ತ ಬೆರೆಸಿದ ಅಗಾರ್ ತಟ್ಟೆ ಬಳಸಿದೆ. ಸರ್ಫ್ಯಾಕ್ಟಿನ್ ಹೆಚ್ಚು ಬಿಡುವ ಬ್ಯಾಕ್ಟೀರಿಯಾದ ಸುತ್ತ ಕೆಂಪು ಕರಗಿ ತಿಳಿಯಾದ ಉಂಗುರ ಮೂಡುತ್ತದೆ. ಎಲ್ಲಕ್ಕಿಂತ ಅಗಲವಾದ ಉಂಗುರದ ತಳಿಯನ್ನೇ ಎತ್ತಿಕೊಂಡೆ.

ಫಲಿತಾಂಶ ಚೆನ್ನಾಗಿಯೇ ಬಂತು. ಕ್ಯಾಥೆಟರಿನ ಸಿಲಿಕೋನ್ ತುಂಡುಗಳಲ್ಲಿ ಕೆಲವಕ್ಕೆ ಆ ತಳಿಯ ಸರ್ಫ್ಯಾಕ್ಟಿನ್ ಲೇಪಿಸಿ, ಎಲ್ಲದರ ಮೇಲೂ ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟೆ. ಅಂಟಿದ್ದನ್ನು ತೋರಿಸುವ ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ ತೊಳೆದಾಗ ಬರಿಯ ತುಂಡುಗಳು ಕಡುನೇರಳೆ, ಲೇಪನವಿದ್ದವು ಬಣ್ಣವೇ ಹಿಡಿಯದಂತೆ ಪೇಲವ. ಆ ಪೇಲವ ತುಂಡುಗಳನ್ನು ನಂಬಿಕೊಂಡು, ರಕ್ತನಾಳಕ್ಕೆ ಹಾಕುವ ಕ್ಯಾಥೆಟರಿಗೂ ಈ ಲೇಪನ ಸಲ್ಲುತ್ತದೆ ಎಂದು ಅನುದಾನದ ಅರ್ಜಿಯಲ್ಲಿ ಬರೆದುಬಿಟ್ಟೆ.

ಸಂದರ್ಶನ ಸಮಿತಿಯಲ್ಲಿದ್ದ ಹಿರಿಯ ವೈದ್ಯರೊಬ್ಬರು ಕೇಳಿದರು: “ರಕ್ತದ ಜೊತೆ ಇಟ್ಟು ನೋಡಿದ್ದೀರೇನಮ್ಮ?”

ನೋಡಿರಲಿಲ್ಲ. ಮರಳಿ ಬಂದು, ತೊಳೆದ ಕೆಂಪು ರಕ್ತಕಣಗಳಿಗೆ ಸರ್ಫ್ಯಾಕ್ಟಿನ್ ಸೇರಿಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದೆ. ಕಣಗಳು ಉಳಿದಿದ್ದರೆ ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲಬೇಕಿತ್ತು. ತಳದಲ್ಲಿ ಏನೂ ಇರಲಿಲ್ಲ. ಟ್ಯೂಬು ಮೇಲಿಂದ ಕೆಳಗಿನವರೆಗೆ ಒಂದೇ ಕೆಂಪು. ಏಳು ಅಮೈನೋ ಆಮ್ಲಗಳ ಬಳೆಗೆ ಕೊಬ್ಬಿನ ಬಾಲವಿರುವ ಈ ಅಣು ಯಾವ ಕೋಶದ ಕೊಬ್ಬಿನ ಪೊರೆಗಾದರೂ ನುಗ್ಗುತ್ತದೆ. ತಟ್ಟೆಯ ಮೇಲಿನ ಉಂಗುರವೆಂದರೆ ಒಡೆದ ರಕ್ತಕಣಗಳೇ. ಎಲ್ಲಕ್ಕಿಂತ ಹೆಚ್ಚು ರಕ್ತ ಒಡೆಯುವ ತಳಿಯನ್ನು ನಾನೇ ಹುಡುಕಿ ಆರಿಸಿದ್ದೆ. ಪಠ್ಯಪುಸ್ತಕದಲ್ಲಿ ಓದಿದ್ದ ಸಂಗತಿಯಿದು; ಆದರೂ ಅದನ್ನು ಆಯ್ಕೆಯ ಗುರುತಾಗಿ ಮಾತ್ರ ಕಂಡೆ, ರೋಗಿಯ ಕಡೆಯಿಂದ ನೋಡಲಿಲ್ಲ.

ಇನ್ನೊಂದು ಕೊರತೆಯೂ ಇತ್ತು. ಲೇಪನ ಸಿಲಿಕೋನಿನ ಮೇಲೆ ಸುಮ್ಮನೆ ಕೂತಿತ್ತು, ರಾಸಾಯನಿಕವಾಗಿ ಬೆಸೆದಿರಲಿಲ್ಲ. ಕೃತಕ ಮೂತ್ರ ಹರಿಸಿದಾಗ ಕೊಚ್ಚಿಹೋಯಿತು. ಅಂದರೆ ತಡೆಯಬೇಕಾದ ಕಡೆ ನಿಲ್ಲದೆ, ಹೋಗಬಾರದ ಕಡೆ ಹೋಗುತ್ತಿತ್ತು.

ಅರ್ಜಿ ಹಿಂತೆಗೆದುಕೊಂಡೆ. ಈಗ ನಮ್ಮ ಪ್ರಯೋಗಾಲಯದಲ್ಲಿ ತಳಿಯ ಆಯ್ಕೆ ಎಣ್ಣೆ ಹರಡುವ ಪರೀಕ್ಷೆಯಿಂದ ಶುರುವಾಗುತ್ತದೆ, ಬೆನ್ನಿಗೇ ರಕ್ತಕಣದ ಪರೀಕ್ಷೆ. ಲ್ಯಾಕ್ಟೋಬ್ಯಾಸಿಲಸ್‌ಗಳ ಇಂಥದೇ ಸೋಪಿನ ಗುಣದ ವಸ್ತುಗಳನ್ನೂ ನೋಡುತ್ತಿದ್ದೇವೆ. ಎಷ್ಟು ಪ್ರಮಾಣಕ್ಕೆ ಬ್ಯಾಕ್ಟೀರಿಯಾ ಅಂಟುವುದು ನಿಲ್ಲುತ್ತದೆ, ಎಷ್ಟಕ್ಕೆ ರಕ್ತಕಣ ಒಡೆಯತೊಡಗುತ್ತದೆ ಎಂಬೆರಡನ್ನೂ ಅಳೆದು, ನಡುವೆ ಸಾಕಷ್ಟು ಅಂತರವಿದ್ದರೆ ಮಾತ್ರ ಆ ವಸ್ತುವನ್ನು ಕ್ಯಾಥೆಟರಿನ ತುಂಡಿಗೆ ಹಚ್ಚುತ್ತೇವೆ.