ನದಿಗೂ ಒಂದು ಅಂಕಪಟ್ಟಿ

1998ರ ಮಾತು. ನಾನು ಮೇಷ್ಟರ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಒಂಬತ್ತನೇ ತರಗತಿಯ ನಲವತ್ತು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಮಧ್ಯಾಹ್ನದ ಊಟಕ್ಕೆ ಬಸ್ಸು ನಿಂತದ್ದು ಕಾವೇರಿ ದಂಡೆಯ ಒಂದು ಊರಿನಲ್ಲಿ. ಚಿತ್ರಾನ್ನದ ಪಾತ್ರೆ ಕೆಳಗಿಳಿಸುವ ಮೊದಲೇ ಹುಡುಗರು ಕೇಳಿದರು: "ಸಾರ್, ನೀರಿಗೆ ಇಳೀಬಹುದಾ?"

ನದಿಯ ಕಡೆ ನೋಡಿದೆ. ತಿಳಿ ನೀರು. ತಳದ ಮರಳು ಕಾಣುತ್ತಿತ್ತು. ದಂಡೆಯಲ್ಲಿ ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. "ಮೊಣಕಾಲುದ್ದ ಮಾತ್ರ" ಎಂದೆ. ನಾನು ನಡೆಸಿದ ಪರೀಕ್ಷೆ ಅಷ್ಟೇ.

ಅರ್ಧ ಗಂಟೆ ಕಳೆದಿರಬಹುದು. ಹರಿಗೋಲಿನ ಪಕ್ಕ ಬೀಡಿ ಸೇದುತ್ತ ಕೂತಿದ್ದ ಮುದುಕರೊಬ್ಬರು ಎದ್ದು ನಿಂತು ಕೂಗಿದರು: "ಮೇಷ್ಟ್ರೇ, ಮಕ್ಳನ್ನ ಮೇಲಕ್ಕೆ ಕರೀರಿ. ಆ ಬಂಡೆ ನೋಡಿ, ಮುಳುಗ್ತಾ ಐತೆ." ನಾವು ಬಂದಾಗ ಒಣಗಿದ್ದ ಬಂಡೆಯ ನೆತ್ತಿಯಷ್ಟೇ ಈಗ ಕಾಣುತ್ತಿತ್ತು. ಮೇಲೆಲ್ಲೋ ನೀರು ಬಿಟ್ಟಿದ್ದರು. ಸೀಟಿ ಊದಿದೆ. ಎಲ್ಲರೂ ಬಂದರು, ಒಬ್ಬನನ್ನು ಬಿಟ್ಟು. ಅವನೂ ಬರುತ್ತಲೇ ಇದ್ದ. ಕಾಲು ಕಿತ್ತಿಡುವಾಗ ನೀರು ಅವನನ್ನು ಕೆಡವಿಕೊಂಡು ಎಳೆಯಿತು. ಮುದುಕರು ನೀರಿಗೆ ಹಾರಲಿಲ್ಲ. ದಂಡೆಯುದ್ದಕ್ಕೂ ಓಡಿ, ಅವನಿಗಿಂತ ಮುಂದೆ ಹೋಗಿ, ಉದ್ದನೆಯ ಬಿದಿರು ಗಳ ಚಾಚಿದರು. ಹುಡುಗ ಹಿಡಿದುಕೊಂಡ. ಹೋದದ್ದು ಒಂದು ಜೊತೆ ಚಪ್ಪಲಿ ಮಾತ್ರ.

ಆಮೇಲೆ ಅವರು ಕೇಳಿದರು, "ಏನು ಪಾಠ ಹೇಳ್ಕೊಡ್ತೀರಿ?" "ವಿಜ್ಞಾನ" ಎಂದೆ. ಅವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಇಂದಿಗೂ ಕಿವಿಯಲ್ಲಿದೆ.

ಅಂದು ರಾತ್ರಿ ಬಸ್ಸಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಮಕ್ಕಳ ಒಂದೊಂದು ಉತ್ತರಕ್ಕೂ ಅರ್ಧ ಅಂಕದ ಲೆಕ್ಕ ಹಾಕುವ ನಾನು, ನಲವತ್ತು ಮಕ್ಕಳನ್ನು ಇಳಿಸುವ ನದಿಗೆ ಕಣ್ಣುಮುಚ್ಚಿ ನೂರಕ್ಕೆ ನೂರು ಕೊಟ್ಟಿದ್ದೆ.

ನೀರಿಗೆ ಅಂಕ ಕೊಡುವ ಪದ್ಧತಿಗಳು ಇಲ್ಲವೆಂದಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ, ಕೆರೆಗಳ ನೀರನ್ನು 'ಎ'ಯಿಂದ 'ಇ'ವರೆಗೆ ಐದು ದರ್ಜೆಗಳಾಗಿ ವಿಂಗಡಿಸುತ್ತದೆ. ಬಯಲಿನಲ್ಲಿ ಸ್ನಾನ ಮಾಡಲು, ಈಜಲು ಯೋಗ್ಯವಾದದ್ದು 'ಬಿ' ದರ್ಜೆ. ಅದಕ್ಕೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಎಣಿಕೆ 500 ಮೀರಬಾರದು. ಶುದ್ಧೀಕರಿಸಿ ಕುಡಿಯಬಹುದಾದ 'ಸಿ' ದರ್ಜೆಗೆ 5000ದವರೆಗೆ ಅವಕಾಶವಿದೆ. ಕುಡಿಯುವ ನೀರಿಗಿಂತ ಈಜುವ ನೀರಿಗೆ ಬಿಗಿ ನಿಯಮವೇ ಎಂದು ಮಕ್ಕಳು ಹುಬ್ಬೇರಿಸುತ್ತಾರೆ. ಕಾರಣ ಸರಳ. ನಲ್ಲಿಗೆ ಬರುವ ನೀರು ಶುದ್ಧೀಕರಣ ಘಟಕ ದಾಟಿ ಬರುತ್ತದೆ. ಈಜುವವನು ನುಂಗುವ ಗುಟುಕು ನೇರ ಹೊಟ್ಟೆಗೆ ಹೋಗುತ್ತದೆ.

ಇನ್ನೊಂದು ಪದ್ಧತಿ ರ್‍ಯಾಫ್ಟಿಂಗ್ ಮಾಡುವವರದು. ಅವರು ನದಿಯ ಸೆಳೆತಕ್ಕೆ 1ರಿಂದ 6ರವರೆಗೆ ಅಂಕ ಕೊಡುತ್ತಾರೆ. ಒಂದು ಎಂದರೆ ಸೌಮ್ಯ ಹರಿವು, ಆರು ಎಂದರೆ ಪಳಗಿದವರಿಗೂ ಪ್ರಾಣಾಪಾಯ. ದಾಂಡೇಲಿ ಕಡೆ ಕಾಳಿ ನದಿಯಲ್ಲಿ ರ್‍ಯಾಫ್ಟಿಂಗ್ ನಡೆಯುವುದು ಸಾಮಾನ್ಯವಾಗಿ 2, 3ನೇ ದರ್ಜೆಯ ನೀರಿನಲ್ಲಿ. ಸೂಪಾ ಅಣೆಕಟ್ಟೆಯಿಂದ ಬಿಡುವ ನೀರಿನ ಮೇಲೆ ಅಲ್ಲಿನ ಹರಿವು ನಿಂತಿದೆ. ಬೆಳಗಿನ ನದಿಯೇ ಬೇರೆ, ಮಧ್ಯಾಹ್ನದ ನದಿಯೇ ಬೇರೆ.

ಮೊದಲ ಪದ್ಧತಿ ಸೆಳೆತದ ಬಗ್ಗೆ ಹೇಳುವುದಿಲ್ಲ, ಎರಡನೆಯದು ಕೊಳೆಯ ಬಗ್ಗೆ ಹೇಳುವುದಿಲ್ಲ. ಎರಡಕ್ಕೂ ನಮ್ಮ ಕಾಲಕೆಳಗಿನ ಗುಂಡಿ ಕಾಣುವುದಿಲ್ಲ. ಹಾಗಾಗಿ ಮುಂದಿನ ಪ್ರವಾಸದಿಂದ ನಾನೇ ಐದು ವಿಷಯಗಳ ಒಂದು ಅಂಕಪಟ್ಟಿ ಮಾಡಿಕೊಂಡೆ. ಅದನ್ನು ತುಂಬುವವರು ಮಕ್ಕಳು.

ಒಂದು, ನೀರಿನ ಗುಣ. ಇಟಲಿಯ ಸೆಕ್ಕಿ ಎಂಬ ವಿಜ್ಞಾನಿ 1865ರಲ್ಲಿ ಬಿಳಿಯ ತಟ್ಟೆಯನ್ನು ಸಮುದ್ರದಲ್ಲಿ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ಅಳೆದ. ನಾವು ಬಿಳಿ ಬಣ್ಣ ಬಳಿದ ಪಾತ್ರೆಯ ಮುಚ್ಚಳಕ್ಕೆ ಹಗ್ಗ ಕಟ್ಟಿ ಅದನ್ನೇ ಮಾಡುತ್ತೇವೆ. ಆದರೆ ತಿಳಿ ನೀರೆಲ್ಲ ಶುದ್ಧವಲ್ಲ, ರೋಗಾಣು ಕಣ್ಣಿಗೆ ಕಾಣದು. ಚರಂಡಿ ಬಂದು ಸೇರುತ್ತಿದ್ದರೆ, ನೊರೆ, ವಾಸನೆ ಅಥವಾ ಬಣ್ಣ ಚೆಲ್ಲಿದಂಥ ಹಸಿರು ಪದರ ಇದ್ದರೆ ನಪಾಸು.

ಎರಡು, ವೇಗ. ದಂಡೆಯ ಮೇಲೆ 10 ಮೀಟರ್ ಗುರುತು ಹಾಕಿ ಒಂದು ಒಣ ಎಲೆ ತೇಲಿಬಿಡಿ. 20 ಸೆಕೆಂಡಿಗಿಂತ ಬೇಗ ದಾಟಿದರೆ ನಮ್ಮ ಪಟ್ಟಿಯಲ್ಲಿ ನಪಾಸು. ವೇಗ ಎರಡರಷ್ಟಾದರೆ ನೀರು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಅಂದು ಆ ಹುಡುಗನನ್ನು ಕೆಡವಿದ್ದು ಈ ಲೆಕ್ಕವೇ.

ಮೂರು, ತಳ. ಬೆಳಕಿನ ವಕ್ರೀಭವನದಿಂದಾಗಿ, ಮೇಲಿನಿಂದ ನೇರ ನೋಡಿದರೆ ನಾಲ್ಕು ಅಡಿ ಆಳ ಮೂರೇ ಅಡಿಯಾಗಿ ಕಾಣುತ್ತದೆ. ಕೆರೆಯಲ್ಲಿ ಮಣ್ಣು ತೆಗೆದ ಗುಂಡಿ, ನದಿಯಲ್ಲಿ ಮರಳು ತೆಗೆದ ಗುಂಡಿ, ಹೂಳು, ಪಾಚಿಗಟ್ಟಿದ ಬಂಡೆ ಇವೆಲ್ಲ ಕೋಲಿನಿಂದ ಮುಟ್ಟಿ ನೋಡದೆ ತಿಳಿಯುವುದಿಲ್ಲ.

ನಾಲ್ಕು, ಮೇಲಿನ ಸುದ್ದಿ. ಮೇಲ್ಗಡೆ ಅಣೆಕಟ್ಟೆ ಇದೆಯೇ, ಮಳೆಯಾಗಿದೆಯೇ? ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಒಬ್ಬ ವಿದ್ಯಾರ್ಥಿ ಕಾಯಬೇಕು. ಕಡ್ಡಿ ಮುಳುಗತೊಡಗಿದರೆ, ತಿಳಿ ನೀರು ಕೆಂಪಗಾದರೆ, ಕಸಕಡ್ಡಿ ತೇಲಿಬಂದರೆ ಎಲ್ಲರೂ ತಕ್ಷಣ ಮೇಲೆ.

ಐದು, ನೆರವು. ಹತ್ತಲು ಇಳಿಜಾರಾದ ದಂಡೆ, ಕೈಗೆ ಸಿಗುವಂತೆ ಹಗ್ಗ, ಗಳ, ಗಾಳಿ ತುಂಬಿದ ಟ್ಯೂಬು, ಆ ಜಾಗ ಬಲ್ಲ ಊರಿನವರು. ಮುಳುಗುವವನನ್ನು ಉಳಿಸಲು ಹಾರಿ ತಾನೂ ಮುಳುಗಿದ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಚಾಚಬೇಕು, ಎಸೆಯಬೇಕು, ಹಾರಬಾರದು.

ಈ ಪಟ್ಟಿಗೆ ಒಂದೇ ನಿಯಮ: ಐದರ ಅಂಕ ಕೂಡಿ ಸರಾಸರಿ ತೆಗೆಯುವಂತಿಲ್ಲ. ನಾಲ್ಕರಲ್ಲಿ ಪ್ರಥಮ ದರ್ಜೆ ಬಂದು ಒಂದರಲ್ಲಿ ನಪಾಸಾದರೆ ಆ ನದಿ ನಪಾಸೇ. ಕೃಪಾಂಕವೂ ಇಲ್ಲ. ಅಂದು ನನ್ನ ನದಿಗೆ ತಿಳಿನೀರಿನಲ್ಲಿ ಒಳ್ಳೆಯ ಅಂಕ ಬರುತ್ತಿತ್ತು. ನಾಲ್ಕನೆಯ ಪ್ರಶ್ನೆಯನ್ನು ನಾನು ಕೇಳಿರಲೇ ಇಲ್ಲ.

ಪಾಲಕರು ಕೆಲವರು ಹೇಳುತ್ತಾರೆ: "ನೀರಿನ ಹತ್ತಿರವೇ ಕರೆದೊಯ್ಯಬೇಡಿ ಸಾರ್, ತಂಟೆಯೇ ಬೇಡ." ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ನಾವು ಕರೆದೊಯ್ಯದಿದ್ದರೆ ರಜೆಯಲ್ಲಿ ಅವರೇ ಗೆಳೆಯರ ಜೊತೆ ಹೋಗುತ್ತಾರೆ. ಆಗ ಅವರ ಜೊತೆ ಮೇಷ್ಟರೂ ಇರುವುದಿಲ್ಲ, ಹರಿಗೋಲಿನ ಅಜ್ಜನೂ ಇರುವುದಿಲ್ಲ. ಈಜು ಕಲಿಸಿ, ಜೊತೆಗೆ ನದಿಯನ್ನು ಓದಲೂ ಕಲಿಸಿ.

ಕಳೆದ ಪ್ರವಾಸದಲ್ಲಿ ಒಂದು ಹೊಳೆಯ ದಂಡೆಯಲ್ಲಿ ನಿಂತಿದ್ದೆವು. ನೀರು ಸ್ಫಟಿಕದಂತಿತ್ತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಎಲೆ ತೇಲಿಬಿಟ್ಟು ಎಣಿಸಿದಳು. ಹದಿನಾಲ್ಕಕ್ಕೇ ಎಲೆ ಗುರುತು ದಾಟಿತು. "ನಪಾಸು ಸಾರ್" ಎಂದಳು. ಹುಡುಗರು ಗೊಣಗಿದರು. ನಾವೆಲ್ಲ ದಂಡೆಯ ಮೇಲೆಯೇ ಕೂತು ಚಿತ್ರಾನ್ನ ತಿಂದೆವು. ಬಸ್ಸು ಹತ್ತುವಾಗ ತಲೆ ಎಣಿಸಿದೆ. ಎಲ್ಲರೂ ಇದ್ದರು.