ಉಪ್ಪು ನೋಡಿದ್ದು ದಾದಿ

ಕಳೆದ ರಂಜಾನ್‌ನಲ್ಲಿ ನಮ್ಮ ಮನೆಯಲ್ಲಿ ಎರಡು ಹೊಸ ಸಂಗತಿಗಳು ನಡೆದವು. ನಾಲ್ಕನೇ ಕ್ಲಾಸಿನ ತಮ್ಮ ಮೊದಲ ಸಲ ರೋಜಾ ಇಟ್ಟ. ದಾದಿ ಮೊದಲ ಸಲ ರೋಜಾ ಬಿಡಬೇಕಾಯಿತು.

ಇನ್ಸುಲಿನ್ ತೆಗೆದುಕೊಳ್ಳುವ ನೀವು ಹಸಿದಿರುವಂತಿಲ್ಲ ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು. ಕಾಯಿಲೆಯವರಿಗೆ ವಿನಾಯಿತಿ ಇದೆ ಎಂದು ನಮಗೆಲ್ಲ ಕಲಿಸಿದವರೇ ದಾದಿ. ಆದರೂ ಮಧ್ಯಾಹ್ನ ತಟ್ಟೆ ಹಿಡಿದು ಒಳಕೋಣೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು ಊಟ ಮಾಡುತ್ತಿದ್ದರು. ಇಫ್ತಾರಿಗೆ ಕರೆದರೆ, “ನೀವು ಕೂತ್ಕೊಳ್ಳಿ, ನನಗೆಂಥ ಇಫ್ತಾರ್?” ಎನ್ನುತ್ತಿದ್ದರು.

ತಮ್ಮನ ಮೊದಲ ರೋಜಾಕ್ಕೆ ಏನು ಬೇಕು ಎಂದು ಅಬ್ಬಾ ಕೇಳಿದಾಗ ಅವನು ಯೋಚಿಸದೆ “ಬರ್ಗರ್” ಎಂದ. ಅದೂ ಎಲ್ಲರಿಗೂ! ಅಂಗಡಿಯಲ್ಲಿ ಒಂದಕ್ಕೆ 180 ರೂಪಾಯಿ. ಆರು ಜನಕ್ಕೆ 1,080. ಅಬ್ಬಾ ಸುಮ್ಮನಾದರು. ಕಾಮರ್ಸ್ ಓದುವ ನಾನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಲೆಕ್ಕ ಹಾಕಿದೆ: ಅರ್ಧ ಕೆಜಿ ಚಿಕನ್ ಖೀಮಾ, ಆರು ಬನ್, ಮೊಟ್ಟೆ, ಈರುಳ್ಳಿ, ಟೊಮೆಟೊ, ಸೌತೆಕಾಯಿ, ಸಣ್ಣ ಪ್ಯಾಕೆಟ್ ಮಯೋನೀಸ್. ಒಟ್ಟು 320. “ನಾನೇ ಮಾಡ್ತೀನಿ” ಎಂದೆ. ಅದುವರೆಗೆ ನಾನು ಮಾಡಿದ್ದು ಆಮ್ಲೆಟ್ ಮತ್ತು ಚಹಾ ಮಾತ್ರ. ಅಕ್ಕ ನಕ್ಕಳು.

ಅಸರ್ ನಮಾಜಿನ ನಂತರ ಕೆಲಸ ಶುರುವಾಯಿತು. ಬೇಕರಿಗೆ ಕಳಿಸಿದ ತಮ್ಮ ಖಾರಾ ಬನ್ ತಂದ. ಬರ್ಗರ್ ಬನ್ ಖಾಲಿಯಂತೆ. ಸರಿ, ಇರುವುದರಲ್ಲೇ ಆಗಲಿ ಎಂದುಕೊಂಡೆ. ಚಿಕನ್‌ನಲ್ಲಿ ಕೊಬ್ಬು ಕಡಿಮೆ, ಬೇಯಿಸಿದರೆ ಬೇಗ ಒಣಗುತ್ತದೆ. ಅದಕ್ಕೇ ಖೀಮಾಗೆ ಒಂದು ಚಮಚ ಎಣ್ಣೆ, ಒಂದು ಮೊಟ್ಟೆ, ಎರಡು ಸ್ಲೈಸ್ ಬ್ರೆಡ್ಡಿನ ಪುಡಿ, ಹೆಚ್ಚಿದ ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ ಹಾಕಿದೆ. ಉಪ್ಪನ್ನೂ ಹಾಕಿದೆ. ಆಮೇಲೆ ಕೈ ನಿಂತಿತು. ಉಪ್ಪು ಸರಿಯಾಯಿತೋ ಇಲ್ಲವೋ ನೋಡುವುದು ಹೇಗೆ? ಅಮ್ಮಿಗೆ ಕೈ ಅಳತೆ ಇದೆ, ರುಚಿ ನೋಡದೆಯೂ ಅವರ ಅಡುಗೆ ತಪ್ಪುವುದಿಲ್ಲ. ನನಗೆ ಎಲ್ಲಿಯ ಅಳತೆ? ಮನೆಯಲ್ಲಿ ಎಲ್ಲರಿಗೂ ರೋಜಾ.

ಎಲ್ಲರಿಗೂ ಅಲ್ಲ.

ಹಸಿ ಚಿಕನ್ ರುಚಿ ನೋಡುವ ಹಾಗಿಲ್ಲ. ಗೋಲಿಯಷ್ಟು ಉಂಡೆ ಮಾಡಿ ಹೆಂಚಿನ ಮೇಲೆ ಚೆನ್ನಾಗಿ ಬೇಯಿಸಿ, ಬಟ್ಟಲಲ್ಲಿಟ್ಟು ಒಳಕೋಣೆಗೆ ಹೋದೆ. “ದಾದಿ, ಉಪ್ಪು ನೋಡಿ ಹೇಳ್ತೀರಾ? ನೀವು ಬಿಟ್ಟರೆ ಯಾರೂ ಇಲ್ಲ.” ದಾದಿ ನನ್ನ ಮುಖ ನೋಡಿದರು, ಬಟ್ಟಲು ನೋಡಿದರು. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು, “ಉಪ್ಪು ಸಾಲದು. ಪುದೀನ ಎಲ್ಲಿ?” ಎಂದರು. ನಾನು ಉತ್ತರ ಕೊಡುವಷ್ಟರಲ್ಲಿ ಎದ್ದು ಅಡುಗೆಮನೆಗೆ ನಡೆದರು.

ಎರಡನೇ ಗೋಲಿಗೆ “ಇನ್ನೊಂದು ಚಿಟಿಕೆ” ಎಂದರು. ಮೂರನೆಯದಕ್ಕೆ ತಲೆಯಾಡಿಸಿದರು. ಟಿಕ್ಕಿ ಬೆಂದಾಗ ಕುಗ್ಗುತ್ತದೆ, ಬನ್ನಿಗಿಂತ ಅಗಲವಾಗಿ ತಟ್ಟು, ನಡುವೆ ಹೆಬ್ಬೆರಳಿನಿಂದ ಒತ್ತು ಎಂದೂ ಹೇಳಿಕೊಟ್ಟರು. ಬರ್ಗರ್ ಕಂಡೇ ಇಲ್ಲದ ದಾದಿಗೆ ಇದೆಲ್ಲ ಕಬಾಬಿನಿಂದ ಬಂದ ವಿದ್ಯೆ! ಬನ್ನಿನ ಒಳಮೈಗೆ ಬೆಣ್ಣೆ ಸವರಿ ಕಾಯಿಸಿದ್ದು ಮಾತ್ರ ನನ್ನ ಬುದ್ಧಿ. ಹಾಗೆ ಮಾಡಿದರೆ ಬನ್ ಬೇಗ ಮೆತ್ತಗಾಗುವುದಿಲ್ಲ.

ಮಗ್ರಿಬ್ ಅಜಾನ್‌ಗೆ ಹತ್ತು ನಿಮಿಷ ಇತ್ತು. ತಮ್ಮ ಬಾಡಿದ ಮುಖದಲ್ಲಿ ಗಡಿಯಾರ ನೋಡುತ್ತ ಕೂತಿದ್ದ. ದಾದಿ ಎಂದಿನಂತೆ ಒಳಗೆ ಹೊರಟರು. ಅವನು ಅವರ ಸೆರಗು ಹಿಡಿದು, “ಉಪ್ಪು ನೋಡಿದವರು ಕೂರಲೇಬೇಕು” ಎಂದ. ದಾದಿ ಕೂತರು. ಖರ್ಜೂರದ ತಟ್ಟೆಯನ್ನು ತಾವೇ ಅವನ ಮುಂದೆ ಸರಿಸಿದರು. ಬರ್ಗರ್‌ನಲ್ಲಿ ಅರ್ಧ ತಿಂದು, ಸಕ್ಕರೆ ಕಾಯಿಲೆಯ ಲೆಕ್ಕ ಹೇಳಿ, ಉಳಿದರ್ಧವನ್ನು ತಮ್ಮನಿಗೆ ಕೊಟ್ಟರು. ಒಂದು ಟಿಕ್ಕಿ ಒಡೆದು ಚೂರಾಗಿತ್ತು, ಅದು ನನ್ನ ಪಾಲಿಗೆ ಬಂತು. ಖಾರಾ ಬನ್ನಿನ ಹಸಿಮೆಣಸಿನಿಂದ ಅಬ್ಬಾಗೆ ಬಿಕ್ಕಳಿಕೆ ಬಂತು. ಆದರೂ ತಟ್ಟೆಗಳೆಲ್ಲ ಖಾಲಿಯಾದವು.

ಮರುದಿನ ಗಂಜಿ ಮಾಡುವಾಗ ಅಮ್ಮಿ, “ಸ್ವಲ್ಪ ಉಪ್ಪು ನೋಡಿ” ಎಂದು ದಾದಿಯನ್ನು ಕರೆದರು. ಅಮ್ಮಿಗೆ ಅದರ ಅಗತ್ಯ ಇರಲಿಲ್ಲ ಎಂದು ನಮಗೆಲ್ಲ ಗೊತ್ತು. ಬಹುಶಃ ದಾದಿಗೂ ಗೊತ್ತು. ಅಂದಿನಿಂದ ಅವರು ಮಧ್ಯಾಹ್ನದ ಊಟವನ್ನು ಅಡುಗೆಮನೆಯಲ್ಲೇ, ಬಾಗಿಲು ತೆರೆದಿಟ್ಟು ಮಾಡುತ್ತಾರೆ.

ಗೆಳೆಯರೇ, ನೀವೂ ಮನೆಯಲ್ಲಿ ಬರ್ಗರ್ ಮಾಡಿ ನೋಡಿ. ಉಪ್ಪು ಎಷ್ಟು ಎಂದು ನನ್ನನ್ನು ಕೇಳಬೇಡಿ, ನಿಮ್ಮ ಮನೆಯ ಹಿರಿಯರನ್ನು ಕೇಳಿ.